ಚೆನ್ನಾಗಿ ಕಾಣುತ್ತೆ

ಏಕಾಂತಯ್ಯ ತನ್ನ ಹೆಂಡತಿ ಬಸಮ್ಮನಿಂದ ಆಣೆ ಹಾಕಿಸಿಕೊಂಡದ್ದು ಎರಡೇ ಮಾತಿಗೆ. ಮಗಳ ಮನೆಯ ಹೊಸ್ತಿಲು ತುಳಿಯಬಾರದು, ಮಗಳ ಜೊತೆ ಮಾತಾಡಬಾರದು. ಬಸಮ್ಮ ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಎರಡಕ್ಕೂ ಹೂಂ ಅಂದಳು. ನೋಡಬಾರದು ಅಂತ ಅವನು ಹೇಳಲಿಲ್ಲ. ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಆರಿಸುವಾಗ ಒಂದು ಕೆಟ್ಟ ಹೋಳನ್ನೂ ಬಿಡದ ಮನುಷ್ಯ, ಆಣೆ ಹಾಕಿಸುವಾಗ ಇಷ್ಟು ದೊಡ್ಡ ಕಿಂಡಿ ಬಿಟ್ಟಿದ್ದ. ಬಸಮ್ಮ ಅದರಲ್ಲೇ ನುಸುಳಿದಳು.

ಸೋಮವಾರ ಈಶ್ವರನ ಗುಡಿಗೆ ಹೋಗುವುದು ಅವಳ ಹಳೆಯ ರೂಢಿ. ಮೊದಲು ಪೇಟೆ ಬೀದಿಯಿಂದ ಹೋಗುತ್ತಿದ್ದವಳು ಈಗ ಸುತ್ತು ಹಾಕಿಕೊಂಡು ನಮ್ಮ ಬೀದಿಯಿಂದ ಹೋಗತೊಡಗಿದಳು. ನಮ್ಮ ಬೀದಿಯಲ್ಲಿ ಅವಳ ಮಗಳು ಅರುಣಾ ಗಂಡನ ಜೊತೆ ಬಾಡಿಗೆಗಿದ್ದಳು. ಆ ಮನೆಯ ಮುಂದಿನ ಕೋಣೆಗೆ ರಸ್ತೆಯ ಕಡೆ, ಪಶ್ಚಿಮಕ್ಕೆ, ಒಂದು ದೊಡ್ಡ ಗಾಜಿನ ಕಿಟಕಿ. ಎದುರಿಗೆ ಸುವರ್ಣಮ್ಮನ ಮನೆ, ಅದರ ಮುಂದೆ ಹೊಂಗೆ ಮರ, ಮರದ ಕೆಳಗೆ ಕಲ್ಲುಬೆಂಚು. ಬಸಮ್ಮ ಬೆಂಚಿನ ಮೇಲೆ ಹಣ್ಣುಕಾಯಿ ಬುಟ್ಟಿ ಇಟ್ಟು, ಮಂಡಿ ನೋವು ಅಂತ ಯಾರೂ ಕೇಳದೆಯೇ ಹೇಳಿ, ಕೂತುಕೊಳ್ಳುತ್ತಿದ್ದಳು. ಕಿಟಕಿಯಲ್ಲಿ ಅರುಣಾ ನಿಂತಿರುತ್ತಿದ್ದಳು.

ಆಮೇಲೆ ಅವರ ಮಾತು ಶುರುವಾಗುತ್ತಿತ್ತು. ಬಸಮ್ಮ ಬೆರಳನ್ನು ತುಟಿಗೆ ತಾಗಿಸಿದರೆ ಉಂಡೆಯಾ ಅಂತ. ಅರುಣಾ ತಲೆಯಾಡಿಸುತ್ತಿದ್ದಳು. ನೆತ್ತಿ ಮುಟ್ಟಿಕೊಂಡರೆ ಎಣ್ಣೆನೀರು ಹಾಕಿಕೊಂಡೆಯಾ ಅಂತ. ಅರುಣಾ ಜಡೆಯನ್ನು ಮುಂದಕ್ಕೆ ತಂದು ತೋರಿಸುತ್ತಿದ್ದಳು. ಹೊಸ ಸೀರೆ ಉಟ್ಟ ದಿನ ಸೆರಗು ಬಿಡಿಸಿ ಹಿಡಿಯುತ್ತಿದ್ದಳು. ಬಣ್ಣ ಹಿಡಿಸದಿದ್ದರೆ ಬಸಮ್ಮ ಮೂಗು ಮುರಿಯುತ್ತಿದ್ದಳು. ಹೊಟ್ಟೆ ಕಾಣತೊಡಗಿದಾಗ ಅರುಣಾ ಏನೂ ಸನ್ನೆ ಮಾಡದೆ ಸುಮ್ಮನೆ ಪಕ್ಕಕ್ಕೆ ತಿರುಗಿ ನಿಂತಳು. ಆ ಸೋಮವಾರ ಬಸಮ್ಮ ಗುಡಿಗೆ ಹೋಗುವುದನ್ನೇ ಮರೆತು ಹಣ್ಣುಕಾಯಿಯನ್ನು ಹಾಗೇ ಮನೆಗೆ ವಾಪಸ್ಸು ತೆಗೆದುಕೊಂಡು ಹೋದಳು. ಇದೆಲ್ಲ ಗೊತ್ತಿದ್ದದ್ದು ಸುವರ್ಣಮ್ಮನೊಬ್ಬಳಿಗೇ. ನಮಗೆಲ್ಲ ಗೊತ್ತಾದದ್ದು ಆಮೇಲೆ, ಗೊತ್ತಾಗಿ ಪ್ರಯೋಜನವಿಲ್ಲದ ಹೊತ್ತಿನಲ್ಲಿ.

ಅರುಣಾ ಮದುವೆಯಾದದ್ದು ಭೀಮರಾಜನನ್ನು. ಹಾರನಹಳ್ಳಿಯ ಕೇರಿಯ ಹುಡುಗ, ಕೆಇಬಿಯಲ್ಲಿ ಜೂನಿಯರ್ ಇಂಜಿನಿಯರ್. ಹಾಸನದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬಂದು ಪರಿಚಯವಾದವರು. ಓಡಿಹೋಗುವುದು ಬೇಡ, ಮರ್ಯಾದೆಯಿಂದ ಕೇಳೋಣ ಅಂತ ಭೀಮರಾಜ ತನ್ನ ಅಪ್ಪ ಶಿವಯ್ಯನನ್ನೂ ಅವ್ವ ದೇವೀರಮ್ಮನನ್ನೂ ಕರೆದುಕೊಂಡು ಏಕಾಂತಯ್ಯನ ಮನೆಗೆ ಹೋಗಿದ್ದ. ದೇವೀರಮ್ಮ ಪೆಟ್ಟಿಗೆಯ ತಳದಲ್ಲಿದ್ದ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಹೂವು, ಎಲೆ ಅಡಿಕೆ ಇಟ್ಟುಕೊಂಡು ಬಂದಿದ್ದಳು. ಅವರನ್ನು ಜಗಲಿಗೂ ಹತ್ತಿಸಲಿಲ್ಲ. ಕೊಬ್ಬರಿ ಒಣಹಾಕಿದ ಅಂಗಳದಲ್ಲಿ ನಿಂತೇ ಮಾತು. ಏಕಾಂತಯ್ಯ ಹೆಂಡತಿಯ ಕಡೆ ನೋಡಿದ. ಅವನು ಹಾಗೆ ನೋಡಿದ ಮೇಲೆ ಬಸಮ್ಮ ಏನಾದರೂ ಆಡಲೇಬೇಕಿತ್ತು. ಬಾಗಿಲಲ್ಲಿ ನಿಂತು ಆಡಿದಳು.

"ಬರೋ ಮುಂಚೆ ಕನ್ನಡೀಲಿ ಮುಖ ನೋಡ್ಕೊಂಡ್ ಬರ್ಬೇಕಿತ್ತು."

ಜಗಳದಲ್ಲಿ ಯಾರು ಯಾರಿಗಾದರೂ ಆಡುವ ಮಾತೇ. ಆದರೆ ಆ ಅಂಗಳದಲ್ಲಿ, ಆ ಜನಕ್ಕೆ, ಆ ಮಾತಿಗೆ ಬೇರೆಯೇ ಅರ್ಥವಿತ್ತು. ಆಡಿದವಳಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ದೇವೀರಮ್ಮ ತಟ್ಟೆಯ ಮೇಲೆ ಸೆರಗು ಮುಚ್ಚಿಕೊಂಡು ಹಿಂದಿರುಗಿದಳು. ಒಳಗೆ ಅರುಣಾ ಕೇಳಿಸಿಕೊಂಡಿದ್ದಳು. ಆಮೇಲೆ ಹಾಸನದಲ್ಲಿ ರಿಜಿಸ್ಟರ್ ಮದುವೆಯಾಯಿತು. ನನ್ನ ಪಾಲಿಗೆ ಅವಳು ಸತ್ತಳು ಅಂದು ಏಕಾಂತಯ್ಯ ತಲೆಯ ಮೇಲೆ ನೀರು ಸುರಿದುಕೊಂಡ.

ಬಸಮ್ಮನಿಗೆ ಮಾತ್ರ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಉಳಿದುಬಿಟ್ಟಿತು. ಬೆಂಚಿನ ಮೇಲೆ ಕೂತಾಗ ಸುವರ್ಣಮ್ಮನ ಹತ್ತಿರ ಅದನ್ನೇ ಹೇಳುತ್ತಿದ್ದಳು. "ನೋಡಿದ್ದು ಯಜಮಾನ್ರು, ಆಡಿದ್ದು ನಾನು. ಪಾಪ ಯಾರ ತಲೆಗೆ ಬರುತ್ತೆ ಹೇಳಿ ಸುವರ್ಣಮ್ಮೋರೆ?" ಇಂಥ ಪ್ರಶ್ನೆಗೆ ಸುವರ್ಣಮ್ಮ ಒಂದು ಲೋಟ ನೀರು ತಂದುಕೊಡುತ್ತಿದ್ದಳು.

ಸೋಮವಾರದ ಸಂಗತಿಯನ್ನು ಅರುಣಾ ಗಂಡನಿಗೆ ಹೇಳಿರಲಿಲ್ಲ. ಅವನು ಬೈಯುತ್ತಾನೆ ಅಂತಲ್ಲ, ಭೀಮರಾಜ ಬೈಯುವ ಪೈಕಿ ಅಲ್ಲ. ಆದರೆ ಅವನ ಅವ್ವ ಅಂಗಳದಲ್ಲಿ ನಿಂತದ್ದನ್ನು ಅವನು ಮರೆತಿರಲಿಲ್ಲ. ಅಂಥವನ ಹತ್ತಿರ ನನ್ನ ಅವ್ವ ನನ್ನನ್ನು ನೋಡೋಕೆ ಬರುತ್ತಾಳೆ ಅಂತ ಯಾವ ಬಾಯಲ್ಲಿ ಹೇಳುವುದು? ಅವನು ಆಫೀಸಿಗೆ ಹೋದ ಮೇಲೆ ಅವ್ವ ಬರುತ್ತಿದ್ದಳು, ಅವನು ಊಟಕ್ಕೆ ಬರುವ ಮೊದಲು ಹೋಗುತ್ತಿದ್ದಳು. ನಡೆಯುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಅರುಣಾಗೆ ಹೆಣ್ಣುಮಗುವಾಯಿತು. ಚೊಚ್ಚಲ ಬಾಣಂತನ ತವರಿನದು. ತವರು ಇಲ್ಲದ ಕಾರಣ ಹಾರನಹಳ್ಳಿಯಿಂದ ಅತ್ತೆ ದೇವೀರಮ್ಮ ಶುಂಠಿ, ಬೆಳ್ಳುಳ್ಳಿ, ಸಾಂಬ್ರಾಣಿ ಎಲ್ಲ ಗಂಟು ಕಟ್ಟಿಕೊಂಡು ಬಂದಳು. ಬಂದವಳೇ ಕಿಟಕಿಯನ್ನು ಭದ್ರವಾಗಿ ಮುಚ್ಚಿ ಅಗಳಿ ಹಾಕಿದಳು. ಬಾಣಂತಿಗೆ ಗಾಳಿ ತಾಕಬಾರದು, ತಾಕಿದರೆ ಮುದಿತನದಲ್ಲಿ ಮೈಯೆಲ್ಲ ನೋವು ಅನ್ನುವುದು ಅವಳ ಶಾಸ್ತ್ರ. ಆ ವರ್ಷದ ಬಿಸಿಲಿಗೆ ಯಾವ ಶಾಸ್ತ್ರವೂ ಗೊತ್ತಿರಲಿಲ್ಲ. ಮಧ್ಯಾಹ್ನವಾದರೆ ಗಾಜಿನಿಂದ ನೇರವಾಗಿ ಒಳಗೆ ಬಂದು ಹಾಸಿಗೆಯ ಮೇಲೆಯೇ ಮಲಗುತ್ತಿತ್ತು. ಫ್ಯಾನ್ ಹಾಕೋಣವೆಂದರೆ ಕರೆಂಟಿಲ್ಲ. ಕೆಇಬಿ ಇಂಜಿನಿಯರನ ಮನೆಯಲ್ಲೇ ಬೀಸಣಿಗೆ ಅಂತ ಬೀದಿಯವರೆಲ್ಲ ಭೀಮರಾಜನನ್ನು ಆಡಿಕೊಂಡರು. ಮಗುವಿನ ಕತ್ತು, ಬೆನ್ನು, ಕಂಕುಳೆಲ್ಲ ಬೆವರುಸಾಲೆ ಎದ್ದು, ಅದು ಅತ್ತು ಅತ್ತು ಕೆಂಪಗಾಯಿತು.

"ಕಿಟಕಿಗೆ ಒಂದ್ ಕಂಬ್ಳಿ ಹೊಡೀಲಾ ಮಗಾ," ಅಂದಳು ದೇವೀರಮ್ಮ ಮಗನಿಗೆ. "ಬಿಸ್ಲೂ ನಿಲ್ತೈತೆ, ಹೋಗೋರ್ ಬರೋರ್ ಕಣ್ಣೂ ತಪ್ತೈತೆ. ಕೂಸಿಗೆ ಹಾಲ್ ಕೊಡೋದು ಬೀದಿಗೆಲ್ಲ ಕಾಣ್ತೈತಲ್ಲ, ಚಂದವೇನ್ಲಾ?"

"ಬೇಡ ಅತ್ತೆ," ಅಂದಳು ಅರುಣಾ. "ಕತ್ತಲೆ ಆಗುತ್ತೆ. ನನಗೆ ಬೀದಿ ಕಾಣ್ಬೇಕು."

ಅತ್ತೆ ಎಷ್ಟು ಹೇಳಿದರೂ ಸೊಸೆ ಜಗ್ಗಲಿಲ್ಲ. ಹೆರಿಗೆಯಾದ ಮೇಲಿನ ಮೊದಲ ಸೋಮವಾರ ಅವಳಿಗೆ ಹಾಸಿಗೆಯಿಂದ ಏಳಲು ಆಗಿರಲಿಲ್ಲ. ಅವ್ವ ಬಂದು ಖಾಲಿ ಕಿಟಕಿ ನೋಡಿಕೊಂಡು ಹೋಗಿರುತ್ತಾಳೆ ಅನ್ನುವುದೇ ಅವಳಿಗೆ ಸಂಕಟ. ನಿಜವಾಗಿಯೂ ಬಸಮ್ಮ ಬಂದಿದ್ದಳು. ಹೆಣ್ಣು ಮಗು, ಚೆನ್ನಾಗಿದೆ ಅಂತ ಸುವರ್ಣಮ್ಮ ಹೇಳಿದಾಗ, "ಯಾರ ಥರ ಇದೆಯಂತೆ?" ಅಂತ ಕೇಳಿದಳು. "ಮುಂದಿನ ಸೋಮವಾರ ನೀವೇ ನೋಡೋರಂತೆ ಬಿಡ್ರಿ," ಅಂದಿದ್ದಳು ಸುವರ್ಣಮ್ಮ. ಆ ವಾರವೆಲ್ಲ ಬಸಮ್ಮ ಗಂಡನ ಕಣ್ಣು ತಪ್ಪಿಸಿ ಕೆಂಪು ಬಟ್ಟೆಯಲ್ಲಿ ಒಂದು ಕುಲಾವಿ ಹೊಲಿದಳು. ಕೊಡಬಾರದು ಅಂತಲೂ ಆಣೆಯಲ್ಲಿ ಇರಲಿಲ್ಲ.

ಒಂದು ಕಡೆ ಅವ್ವ, ಒಂದು ಕಡೆ ಹೆಂಡತಿ, ಮಧ್ಯೆ ಬೆವರುಸಾಲೆಯ ಕೂಸು. ಭೀಮರಾಜ ತಲೆ ಓಡಿಸಿದ. ಬಿ.ಎಚ್. ರಸ್ತೆಯಲ್ಲಿ ಹಗರೆಯ ಮರಿಯಣ್ಣನದು ಕಾರಿನ ಸೀಟ್ ಕವರು, ಹಾರನ್ನು ಮಾರುವ ಅಂಗಡಿ. ಕಾರಿನ ಗಾಜಿಗೆ ಸನ್ ಫಿಲ್ಮ್ ಅಂಟಿಸುವುದರಲ್ಲಿ ಅವನದು ಎತ್ತಿದ ಕೈ. ಈಚೆಗೆ ಮನೆ ಕಿಟಕಿಗೆ ಹಾಕುವ ಹೊಸ ಥರದ್ದನ್ನೂ ತರಿಸಿದ್ದ.

"ಬಿಸ್ಲು ಅರ್ಧಕ್ಕರ್ಧ ಕಮ್ಮಿ ಆಯ್ತದೆ ಸಾರ್. ಬೇಲೂರಲ್ಲಿ ಒಂದ್ ಲಾಡ್ಜಿಗೆ ಪೂರಾ ಹಾಕಿದೀನಿ. ಒಳಗಿರೋರ್ಗೆ ಬೀದಿಯೆಲ್ಲ ಕಾಣ್ತದೆ. ಬೀದಿಲಿರೋರ್ಗೆ ಅವರ ಮೂತಿನೇ ಅವರ್ಗೆ ಕಾಣ್ತದೆ."

ಭೀಮರಾಜನಿಗೆ ಇನ್ನೇನು ಬೇಕು? ಅವ್ವನಿಗೆ ಮರೆಯಾಯಿತು, ಮಗುವಿಗೆ ತಂಪಾಯಿತು, ಹೆಂಡತಿಗೆ ಬೀದಿಯೂ ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದುಕೊಂಡು ಶನಿವಾರವೇ ಮರಿಯಣ್ಣನನ್ನು ಮನೆಗೆ ಕರೆತಂದ.

ಬಾಣಂತಿಯನ್ನೂ ಕೂಸನ್ನೂ ದೇವೀರಮ್ಮ ಅಡುಗೆಮನೆಯ ಪಕ್ಕದ ಕೋಣೆಗೆ ಸೇರಿಸಿ ಬಾಗಿಲು ಮುಂದೆ ಮಾಡಿದಳು. ಮರಿಯಣ್ಣ ಗಾಜಿನ ಮೇಲಿನ ಹಳೇ ಬಣ್ಣದ ಚುಕ್ಕಿಗಳನ್ನೆಲ್ಲ ಬ್ಲೇಡಿನಿಂದ ಕೆರೆದು ತೊಳೆದ. ಶಾಂಪೂ ಬೆರೆಸಿದ ನೀರನ್ನು ಚಿಮುಕಿಸಿ, ಫಿಲ್ಮಿನ ಬೆನ್ನಿಗಿದ್ದ ತೆಳು ಹಾಳೆಯನ್ನು ಸುಲಿದು, ಒದ್ದೆ ಗಾಜಿನ ಮೇಲೆ ಅದನ್ನು ತೇಲಿಬಿಟ್ಟ. ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಎಳೆದೆಳೆದು ನೀರನ್ನು ಹೊರಡಿಸಿದ. ಕೆಲಸ ಮುಗಿಸಿ ಭೀಮರಾಜನನ್ನು ಬೀದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಕಿಟಕಿಯಲ್ಲಿ ಹೊಂಗೆ ಮರ, ಕಲ್ಲುಬೆಂಚು, ಅವರಿಬ್ಬರು, ಮೇಲೊಂದು ಚೂರು ಆಕಾಶ.

"ನೋಡಿ ಸಾರ್, ಬೇಲೂರು ಗುಡಿ ದರ್ಪಣಸುಂದರಿ ಇದ್ನ ಕಂಡಿದ್ರೆ ಕೈಲಿರೋ ಕನ್ನಡಿ ಎಸ್ದು ಇಲ್ಲೇ ಬಂದ್ ನಿಂತ್ಕತಿದ್ಲು," ಅಂದ. ಭೀಮರಾಜ ನಕ್ಕ. ಹೋಗುವಾಗ ಮರಿಯಣ್ಣ ಬಾಗಿಲಲ್ಲಿ ನಿಂತು, ನೀರೆಲ್ಲ ಆರುವ ತನಕ ಕಿಟಕಿ ತೆಗೆಯಬೇಡಿ, ಒರೆಸಲೂ ಬೇಡಿ ಅಂತ ಹೇಳಿದ.

"ಬಾಣಂತಿ ಕೋಣೆ ಕಿಟಕಿ ಯಾರ್ ತೆಗೀತಾರೆ ಬಿಡಪ್ಪ," ಅಂದಳು ದೇವೀರಮ್ಮ.

ಕೋಣೆಗೆ ಬಂದ ಅರುಣಾ ಕಿಟಕಿಯನ್ನು ದೂರದಿಂದಲೇ ನೋಡಿದಳು. ಗಾಜು ಕಪ್ಪಾಗಿದೆ ಅನ್ನಿಸಿತು.

"ರೀ, ಕಾಣುತ್ತಾ?"

"ಚೆನ್ನಾಗಿ ಕಾಣುತ್ತೆ ಕಣೇ. ಮೊದಲಿಗಿಂತ ಚೆನ್ನಾಗಿ ಕಾಣುತ್ತೆ, ಬಂದು ನೋಡು."

ಹತ್ತಿರ ಹೋದಳು. ಅಲ್ಲಲ್ಲಿ ನೀರಿನ ಗುಳ್ಳೆ ಇತ್ತು. ಅದರಾಚೆ ಮರ, ಬೆಂಚು, ಸುವರ್ಣಮ್ಮನ ಮನೆಯ ರಂಗೋಲಿ ಎಲ್ಲ ಮೋಡ ಕವಿದ ದಿನದ ಹಾಗೆ ತಣ್ಣಗೆ ಕಾಣುತ್ತಿದ್ದವು. ಅವಳಿಗೆ ಜೀವ ಬಂತು.

ನಮ್ಮ ಭಾಷೆಯಲ್ಲಿ ಕಾಣುತ್ತೆ ಅಂದರೆ ಸಾಕು. ಯಾರು, ಯಾರಿಗೆ ಅಂತ ಹೇಳಬೇಕಾಗಿಲ್ಲ. ಅವಳು ಕೇಳಿದ್ದು ನಾನು ಕಾಣುತ್ತೇನಾ ಅಂತ. ಅವನು ಹೇಳಿದ್ದು ನಿನಗೆ ಕಾಣುತ್ತೆ ಅಂತ. ಹೊರಗಿನವರಿಗೆ ಅಂತ ಒಂದು ಪದ ಸೇರಿಸಿ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೊರಗೆ ಯಾರಿದ್ದಾರೆ ನಿನಗೆ ಅಂತ ಅವನು ತಿರುಗಿ ಕೇಳಿದರೆ? ಆ ಹೆದರಿಕೆಗೆ ಅರುಣಾ ಆ ಪದವನ್ನು ನುಂಗಿಕೊಂಡಳು. ಬಾಣಂತಿಯಾಗಿರದಿದ್ದರೆ ಬೀದಿಗಿಳಿದು ತಾನೇ ನೋಡುತ್ತಿದ್ದಳು. ಅವಳಿಗೆ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಸೋಮವಾರ ಬಸಮ್ಮ ಎಂದಿಗಿಂತ ಬೇಗ ಬಂದಳು. ಬುಟ್ಟಿಯಲ್ಲಿ ಬಾಳೆಹಣ್ಣಿನ ಕೆಳಗೆ ಕುಲಾವಿ ಇತ್ತು. ಬೆಂಚಿನ ಮೇಲೆ ಕೂತು ಕಿಟಕಿಯ ಕಡೆ ನೋಡಿದಳು. ಕಿಟಕಿಯಲ್ಲಿ ಒಬ್ಬ ಹೆಂಗಸು. ಅವಳಿಗೆ ದೂರದ್ದು ಮಸುಕು. ಸೊರಗಿದ್ದಾಳೆ, ಬಾಣಂತಿಯಲ್ಲವೇ ಅಂದುಕೊಂಡಳು. ಬೆರಳನ್ನು ತುಟಿಗೆ ತಾಗಿಸಿ ಉಂಡೆಯಾ ಅಂತ ಕೇಳಿದಳು. ಕಿಟಕಿಯ ಹೆಂಗಸೂ ಬೆರಳನ್ನು ತುಟಿಗೆ ತಾಗಿಸಿ ಉಂಡೆಯಾ ಅಂತ ಕೇಳಿದಳು. ಬಸಮ್ಮನಿಗೆ ನಗು ಬಂತು. ಎದ್ದು ಕೆಂಪು ಕುಲಾವಿಯನ್ನು ಎತ್ತಿ ತೋರಿಸಿದಳು. ಅತ್ತ ಕಡೆಯಿಂದಲೂ ಒಂದು ಕೆಂಪು ಕುಲಾವಿ ಮೇಲೆದ್ದಿತು.

ಅವಳು ರಸ್ತೆ ದಾಟಿದಳು. ಅಲ್ಲಿಯ ತನಕ ಒಂದು ದಿನವೂ ದಾಟಿರಲಿಲ್ಲ. ಕಿಟಕಿಗೆ ಮಾರು ದೂರದಲ್ಲಿ ನಿಂತಾಗ ಎದುರಿಗಿದ್ದದ್ದು ಮಗಳಲ್ಲ, ತಾನು. ಬಿಸಿಲಿಗೆ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಅವಳ ಕೈ ತಾನಾಗಿಯೇ ಮೇಲೆ ಹೋಗಿ ಅದನ್ನು ಒರೆಸಿತು. ಒರೆಸುತ್ತಿದ್ದ ಹಾಗೆಯೇ ಆ ಕೈ ನಿಂತುಬಿಟ್ಟಿತು. ಕನ್ನಡಿ. ಅವಳ ಮಗಳ ಮನೆಯವರು, ಅವಳು ಬಂದು ನಿಲ್ಲುವ ಜಾಗಕ್ಕೆ ಎದುರಾಗಿ, ಆಳೆತ್ತರದ ಕನ್ನಡಿ ಹಾಕಿಸಿದ್ದರು.

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತಿರುಗಿದಳು. ಸುವರ್ಣಮ್ಮ ಬಾಗಿಲಿಗೆ ಬಂದಿದ್ದಳು. ಅವಳ ಕೈಗೆ ಕುಲಾವಿ ಕೊಟ್ಟು, "ಯಾವುದಾದ್ರೂ ಕೂಸಿಗೆ ಹಾಕಿ," ಅಂದಳು.

"ಯಾಕ್ರೀ ಬಸಮ್ಮೋರೆ, ಏನಾಯ್ತು?"

"ಮುಖ ನೋಡ್ಕೊಂಡ್ ಬನ್ನಿ ಅಂತ ಅವತ್ತು ನಾನು ಹೇಳಿದ್ದೆ. ಇವತ್ತು ನನಗೆ ತೋರಿಸಿದಾರೆ. ಸರಿಯಾಗೇ ತೋರಿಸಿದಾರೆ ಬಿಡಿ."

"ಬಿಸಿಲಿಗೆ ಅಂತ ಏನೋ ಹಾಕ್ಸಿರ್ತಾರೆ ಕಣ್ರೀ."

"ಈ ಊರಲ್ಲಿ ಬಿಸಿಲು ಅವರೊಬ್ಬರ ಮನೆಗೇ ಬೀಳುತ್ತಾ ಸುವರ್ಣಮ್ಮೋರೆ? ಇನ್ಯಾರ ಮನೆಗಿದೆ ಕನ್ನಡಿ ಕಿಟಕಿ, ತೋರಿಸಿ. ನನ್ನಾಣೆ, ಅವಳನ್ನ ಏನೂ ಕೇಳ್ಬೇಡಿ. ತಪ್ಪು ನನ್ನದೇ."

ಸುವರ್ಣಮ್ಮನಿಗೂ ಅರುಣಾಳ ಮೇಲೆ ರೇಗಿಹೋಯಿತು. ಹೆತ್ತವಳಿಗೆ ಹೀಗೆ ಮಾಡುತ್ತಾರೆಯೇ ಅಂದುಕೊಂಡು, ಕುಲಾವಿಯನ್ನು ಒಳಗಿಟ್ಟು, ಆ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

ಈಗ ಗಾಜಿನ ಒಳಗಿನ ಕಡೆಯದನ್ನು ಹೇಳಬೇಕು. ಅರುಣಾ ಬೆಳಿಗ್ಗೆಯೇ ಮಗುವಿಗೆ ನೀರು ಹಾಕಿಸಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಸುತ್ತಿ, ಅತ್ತೆ ಅಡುಗೆಮನೆಯಲ್ಲಿದ್ದಾಗ ಕಿಟಕಿಗೆ ಬಂದು ನಿಂತಿದ್ದಳು. ಅವ್ವ ಉಂಡೆಯಾ ಅಂತ ಕೇಳಿದಾಗ ಹೂಂ ಅಂತ ತಲೆಯಾಡಿಸಿದಳು. ಅವ್ವ ನಕ್ಕಳು. ಕುಲಾವಿ ತೋರಿಸಿದಳು. ಅರುಣಾ ಮಗುವನ್ನು ಎತ್ತಿ ಹಿಡಿದಳು. ಅವ್ವ ರಸ್ತೆ ದಾಟಿ ಬಂದಳು! ಇಷ್ಟು ಹತ್ತಿರ ಅವ್ವನ ಮುಖ ನೋಡಿ ಎರಡು ವರ್ಷವಾಗಿತ್ತು. ಮಗುವನ್ನು ಗಾಜಿಗೇ ತಾಗಿಸಿ ಹಿಡಿದಳು. ಅವ್ವ ನೇರವಾಗಿ ನೋಡಿದಳು, ಹಣೆಯ ಮೇಲೆ ಕೈಯಿಟ್ಟುಕೊಂಡಳು, ಮುಖ ಕಪ್ಪಿಟ್ಟಿತು, ಸೆರಗೆಳೆದುಕೊಂಡು ತಿರುಗಿ ನಡೆದಳು. ಕುಲಾವಿಯನ್ನು ಎದುರುಮನೆಯವಳ ಕೈಗೆ ತುರುಕಿ ಹೊರಟುಹೋದಳು.

ಮಗುವಿಗೆ ಅಪ್ಪನ ಕಪ್ಪು ಬಣ್ಣ. ಅರುಣಾ ಆ ಪುಟ್ಟ ಮುಖವನ್ನೇ ನೋಡುತ್ತ ನಿಂತಳು. ಅಂಗಳದಲ್ಲಿ ಆಡಿದ ಮಾತು ಅವ್ವನ ಬಾಯಿಂದ ಏಕಾಂತಯ್ಯನ ಹೆದರಿಕೆಗೆ ಬಂದದ್ದು ಅಂತ ಇಷ್ಟು ದಿನ ನಂಬಿದ್ದಳು. ಆ ನಂಬಿಕೆಯ ಮೇಲೆಯೇ ಅವಳ ಸೋಮವಾರಗಳು ನಿಂತಿದ್ದವು. ಅಂದು ಆ ನಂಬಿಕೆ ಒಡೆಯಿತು. ಕಿಟಕಿಗೆ ಬೆನ್ನು ಹಾಕಿ ಮಲಗಿದವಳು ಮತ್ತೆ ಆ ಕಡೆ ತಿರುಗಲಿಲ್ಲ. ಸರಿಯಾಗಿ ಉಣ್ಣಲಿಲ್ಲ, ಹಾಲೂ ಕಡಿಮೆಯಾಯಿತು. ಬೆವರುಸಾಲೆ ಇಳಿದ ಮಗುವನ್ನು ತೋರಿಸಿ ಭೀಮರಾಜ, "ನೋಡಿದೆಯಾ ನನ್ನ ಸನ್ ಫಿಲ್ಮಿನ ಮಹಿಮೆ," ಅಂದಾಗ ಗೋಡೆ ನೋಡುತ್ತ ಹೂಂ ಅಂದಳು. ಬಾಣಂತಿಸನ್ನಿ ಇರಬಹುದು ಅಂತ ಹೆದರಿ ದೇವೀರಮ್ಮ ಕಷಾಯ ಕಾಸಿದಳು.

ಮುಂದಿನ ಸೋಮವಾರ ಬಸಮ್ಮ ಬರಲಿಲ್ಲ. ಬರುವುದಿಲ್ಲವೆಂದು ಅರುಣಾಗೆ ಗೊತ್ತಿತ್ತು. ಆದರೂ ಆ ಹೊತ್ತಿಗೆ ಸರಿಯಾಗಿ ಅವಳಿಗೆ ಅಳು ಬಂತು.

ಗುರುವಾರ ಬೆಳಿಗ್ಗೆ ಭೀಮರಾಜ ಆಫೀಸಿಗೆ ಹೋದವನು ಅರ್ಧ ಗಂಟೆಯಲ್ಲೇ ವಾಪಸ್ಸು ಬಂದ. ಬಾಗಿಲಲ್ಲೇ ನಿಂತು, "ಅರುಣಾ, ನಿಮ್ಮಮ್ಮ ಹೋಗ್ಬಿಟ್ರಂತೆ. ಬೆಳಗಿನ ಜಾವ ಎದೆ ನೋವು ಅಂದ್ರಂತೆ, ಅಷ್ಟೇ," ಅಂದ. ಅವನ ಕಣ್ಣು ಒದ್ದೆಯಾಗಿತ್ತು. ಅರುಣಾಳ ಕಣ್ಣು ಒಣಗಿತ್ತು.

"ಹೋಗಿ ಮುಖ ನೋಡ್ಕೊಂಡ್ ಬಾ ನನ್ನವ್ವ," ಅಂದಳು ದೇವೀರಮ್ಮ. "ಬಾಣಂತಿ ಹೋಗ್ಬಾರ್ದು ಅಂತಾರೆ. ಹೆತ್ತೋಳ್ ಹೋದ್ ಮ್ಯಾಲೆ ಯಾವ್ ಸಾಸ್ತ್ರ? ಯಾರಾರಾ ತಡೆದ್ರೆ ನಾನ್ ಮಾತಾಡ್ತೀನಿ, ಬಾ."

"ನಾನು ಅವಳ ಮುಖ ನೋಡಲ್ಲ ಅತ್ತೆ."

"ಸತ್ತೋರ್ ಮ್ಯಾಲೆ ಎಂಥಾ ಕ್ವಾಪನವ್ವ?"

ಆ ಅಂಗಳದಲ್ಲಿ ತಟ್ಟೆ ಹಿಡಿದು ನಿಂತಿದ್ದವಳೇ ಹೀಗೆ ಕೇಳಿದರೆ ಸೊಸೆ ಏನು ಹೇಳಬೇಕು? ನಿನ್ನ ಮೊಮ್ಮಗಳನ್ನು ನೋಡಿ ಮುಖ ತಿರುಗಿಸಿದಳು ಅಂತ ಹೇಳಿ ಆ ಮುದುಕಿಗೆ ಇನ್ನೊಂದು ಗಾಯ ಮಾಡುವುದು ಬೇಡವೆಂದು ಅರುಣಾ ಗೋಡೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ಬೀದಿಯ ತುದಿಯಲ್ಲಿ ಶಂಖ, ಜಾಗಟೆ ಕೇಳಿಸಿತು. ಏಕಾಂತಯ್ಯನ ತೆಂಗಿನ ತೋಟ ಈಶ್ವರನ ಗುಡಿಯಾಚೆ. ಮಣ್ಣು ಮಾಡುವುದು ಅಲ್ಲಿ, ಮೆರವಣಿಗೆಗೆ ಅಗಲದ ದಾರಿ ಅಂದರೆ ನಮ್ಮ ಬೀದಿ. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಹಣೆ ತುಂಬ ವಿಭೂತಿ ಬಳಿದು, ಹೂವು ಮುಡಿಸಿ, ಬಾಳೆಕಂಬ ಕಟ್ಟಿದ ವಿಮಾನದಲ್ಲಿ ಕೂರಿಸಿ, ಊರಿಗೆಲ್ಲ ಮುಖ ಕಾಣುವ ಹಾಗೆ ಹೊತ್ತುಕೊಂಡು ಹೋಗುತ್ತಾರೆ.

ನೋಡಲ್ಲ ಅಂದವಳು ಜಾಗಟೆ ಹತ್ತಿರವಾದಂತೆ ಎದ್ದಳು. ಮಗುವನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ಜನರ ತಲೆಗಳ ಮೇಲೆ ಅವ್ವ ಕೂತುಕೊಂಡು ಬರುತ್ತಿದ್ದಳು. ಹೊರುವವರ ಹೆಜ್ಜೆಗೆ ತಲೆ ಒಂದಿಷ್ಟೇ ಅಲ್ಲಾಡುತ್ತಿತ್ತು, ಹೂಂ, ಹೂಂ ಅನ್ನುವ ಹಾಗೆ. ಮುಂದೆ ಅಪ್ಪ. ಅವನ ಪಕ್ಕದಲ್ಲಿ ಅಣ್ಣ ಶರತ್ಚಂದ್ರ, ಬರಿಗಾಲಲ್ಲಿ.

ಮನೆಯ ನೇರಕ್ಕೆ ಬಂದಾಗ ಶರತ್ಚಂದ್ರ ಮೆರವಣಿಗೆ ಬಿಟ್ಟು ಕಿಟಕಿಯ ಕಡೆಗೇ ಬರತೊಡಗಿದ. ಅಣ್ಣ ಕರೆಯಲು ಬರುತ್ತಿದ್ದಾನೆ! ಅರುಣಾಳ ಹಟವೆಲ್ಲ ಒಂದೇ ಗಳಿಗೆಯಲ್ಲಿ ನೀರಾಯಿತು. ಅವನು ಗಾಜಿಗೆ ಗೇಣು ದೂರದಲ್ಲಿ ನಿಂತು ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಅಣ್ಣಾ," ಅಂದಳು. ಅವನ ಮುಖ ಕದಲಲಿಲ್ಲ. ಬೆವರಿಗೆ ವಿಭೂತಿ ಕರಗಿ ಕಣ್ಣಿಗಿಳಿದಿತ್ತು. ಹೆಗಲ ಟವೆಲ್ಲಿನ ಚುಂಗಿನಿಂದ, ಅವಳನ್ನೇ ನೋಡುತ್ತ, ಕತ್ತನ್ನು ಅತ್ತ ಇತ್ತ ಹೊರಳಿಸಿ ಹುಬ್ಬು ಒರೆಸಿಕೊಂಡ. ಕಣ್ಣರೆಪ್ಪೆ ಎಳೆದು ನೋಡಿಕೊಂಡ. ತಿರುಗಿ ಹೋದ.

ಅರುಣಾಗೆ ಅರ್ಥವಾಗಲು ಅಷ್ಟೇ ಸಾಕಾಯಿತು. ಅವ್ವನ ಕೈಯೂ ಹೀಗೆಯೇ ಹುಬ್ಬಿಗೆ ಹೋಗಿತ್ತು.

"ಅತ್ತೆ," ಅಂತ ಕಿರುಚಿದಳು. "ಹೊರಗಿನವರಿಗೆ ನಾನು ಕಾಣಲ್ವಾ?"

"ಎಲ್ಲಿ ಕಾಣ್ತೀಯವ್ವ? ಆಚೆಗೆ ಅದು ಕನ್ನಡಿಯಲ್ವಾ," ಅಂದಳು ದೇವೀರಮ್ಮ.

ಕೂಸನ್ನು ಎದೆಗವಚಿಕೊಂಡು ಅರುಣಾ ಓಡಿದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೊಸ್ತಿಲ ಮೇಲೆ ಬಿತ್ತು. "ಬಿಸ್ಲು ಕಣವ್ವಾ! ಕೂಸು!" ಅಂತ ದೇವೀರಮ್ಮ ಸೆರಗು ಹಿಡಿದುಕೊಂಡು ಹಿಂದೆ ಓಡಿದಳು. ಜನರನ್ನು ಭುಜದಿಂದ ನೂಕುತ್ತ ಅರುಣಾ ವಿಮಾನದ ಮುಂದೆ ಹೋಗಿ ನಿಂತಳು. ಯಾರೋ, "ದಾರಿ ಬಿಡಮ್ಮ, ನಿಲ್ಲಿಸ್ಬಾರ್ದು," ಅಂದರು. ಜಾಗಟೆ ನಿಂತಿತು.

"ಅವ್ವಾ, ನಾನು ಒಳಗಿದ್ದೆ ಕಣವ್ವ! ಆ ಸೋಮವಾರಾನೂ ಒಳಗೇ ಇದ್ದೆ. ಕೂಸನ್ನ ಎತ್ತಿ ಹಿಡ್ಕೊಂಡು ನಿಂತಿದ್ದೆ. ನೀನು ನನ್ನ ಕೂಸನ್ನ ನೋಡಿ ಮುಖ ತಿರುಗಿಸ್ಕೊಂಡು ಹೋದೆ ಅಂದ್ಕೊಂಡೆ ಅವ್ವಾ!"

ಬೆಂಚಿನ ಹತ್ತಿರ ನಿಂತಿದ್ದ ಸುವರ್ಣಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಓಡಿ ಕುಲಾವಿ ತಂದಳು. "ಅಯ್ಯೋ ಬಸಮ್ಮೋರೆ, ಅವಳು ಒಳಗೇ ಇದ್ಲಂತೆ ಕಣ್ರೀ!" ಅಂತ ಸತ್ತವಳಿಗೇ ಹೇಳಿದಳು. ಆಮೇಲೆ ಅರುಣಾಳ ಕಡೆ ತಿರುಗಿ, "ಸೋಮವಾರ ಸೋಮವಾರ ಬಂದು ನಿನ್ನ ನೋಡ್ತಿದ್ದೋರು, ಮುಖ ನೋಡ್ಕೊ ಅಂತ ನೀನೇ ಕನ್ನಡಿ ಹಾಕ್ಸಿದೀಯ ಅಂದ್ಕೊಂಡು ಹೋದ್ರಲ್ಲೇ ತಾಯಿ. ತಾನು ಆಡಿದ ಮಾತಿಗೆ ಮಗಳು ಕೊಟ್ಟ ಉತ್ತರ ಅಂದ್ರಲ್ಲೇ," ಅಂದಳು.

ದೇವೀರಮ್ಮ ಸೊಸೆಯ ತೋಳು ಹಿಡಿದುಕೊಂಡಳು. ಹಿಡಿದುಕೊಂಡೇ ವಿಮಾನದ ಮೇಲಿನ ಮುಖಕ್ಕೆ, "ಆ ಮಾತ ನಾನ್ ಅವತ್ತೇ ಮರ್ತಿದ್ದೆ ಕಣ್ ತಾಯಿ, ನಮ್ಮನೇಲಿ ಯಾರ್ ಮನ್ಸಲ್ಲೂ ಇರ್ಲಿಲ್ಲ," ಅಂದಳು. ಮರೆತಿರಲಿಲ್ಲ. ಆದರೂ ಹೇಳಿದಳು. ಆ ದಿನ ಆ ಬೀದಿಯಲ್ಲಿ ಯಾರಾದರೂ ದೊಡ್ಡವರಿದ್ದರೆ ಅವಳೊಬ್ಬಳೇ.

ಏಕಾಂತಯ್ಯ ಎಲ್ಲ ಕೇಳಿಸಿಕೊಂಡು ನಿಂತಿದ್ದ. ಹೆಂಡತಿ ಆಣೆಯ ಕಿಂಡಿಯಲ್ಲಿ ನುಸುಳಿ ಬಂದು ಹೋಗುತ್ತಿದ್ದಳೆಂದು ಅವನಿಗೆ ತಿಳಿದದ್ದು ಆಗ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಹೊತ್ತವರ ಕಡೆ ತಿರುಗಿದ.

"ಇಳಿಸ್ರಪ್ಪ," ಅಂದ.

ಭೀಮರಾಜನ ಮನೆಯ ಮುಂದೆ, ರಸ್ತೆಯ ಮೇಲೆ, ವಿಮಾನ ಇಳಿಸಿದರು. ಬಸಮ್ಮನ ಮುಖ ಮಗಳ ಎದೆಯ ಮಟ್ಟಕ್ಕೆ ಬಂತು. ಸುವರ್ಣಮ್ಮ ಕೂಸಿನ ತಲೆಗೆ ಕೆಂಪು ಕುಲಾವಿ ಹಾಕಿದಳು. ಅಳತೆ ಸರಿಯಾಗಿತ್ತು. ಅರುಣಾ ಮಂಡಿಯೂರಿ ಕೂತು, ಕೂಸನ್ನು ಆ ಮುಚ್ಚಿದ ಕಣ್ಣುಗಳ ಮುಂದೆ ಎತ್ತಿ ಹಿಡಿದಳು.

"ಮಾತಾಡ್ಬೇಡ ಅವ್ವ. ಆಣೆ ಮುರೀಬೇಡ. ಒಂದ್ಸಲ ನೋಡು, ಅಷ್ಟೇ."

ಅವರ ಹಿಂದೆ ಕಿಟಕಿಯ ಗಾಜಿನಲ್ಲಿ ಹೊಂಗೆ ಮರ, ಬಾಳೆಕಂಬ, ಹೂವು ಮುಡಿದು ಕೂತ ಬಸಮ್ಮ, ಅವಳ ಮುಂದೆ ಮಗಳು, ಮಗಳ ಕೈಯಲ್ಲಿ ಕೆಂಪು ಕುಲಾವಿಯ ಕೂಸು. ಮೂವರೂ ಚೆನ್ನಾಗಿ ಕಾಣುತ್ತಿದ್ದರು.